ಕವಚ ನಿರ್ಮಾಣವೂ ದೇಹಾರೋಗ್ಯವೂ

ತನ್ನದಲ್ಲದ ಲೋಕದ ಉಡುಪನ್ನು ತೊಟ್ಟು ಜನರೆದುರು ನಿಲ್ಲುವುದು ಕನ್ನಡಿಗರಿಗೆ ಹೊಸ ಸಂಗತಿಯಲ್ಲ. ಕರಾವಳಿಯ ಯಕ್ಷಗಾನ ವೇಷಧಾರಿಯು ಹಗುರವಾದ ಮರದಲ್ಲಿ ಕೆತ್ತಿ, ಬೇಗಡೆ ಹಚ್ಚಿ, ಕನ್ನಡಿಯ ತುಣುಕುಗಳನ್ನು ಕೂರಿಸಿದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ಧರಿಸಿ ಇರುಳೆಲ್ಲ ಕುಣಿದವನು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕವಾಡುವ ರೈತನು ಭೀಮನ ಗದೆಯನ್ನೂ ದುರ್ಯೋಧನನ ಎದೆಕವಚವನ್ನೂ ಬಾಡಿಗೆಗೆ ತಂದು ಒಂದು ರಾತ್ರಿಯ ಮಟ್ಟಿಗೆ ಅರಸನಾಗುತ್ತಾನೆ. ಗುಬ್ಬಿ ವೀರಣ್ಣನವರ ಕಂಪನಿಯು ಇದೇ ಕಥೆಗಾಗಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ನಿಲ್ಲಿಸಿತ್ತು. ಇಂತಹ ಪರಂಪರೆಯಿಂದ ಬಂದ ತಂದೆತಾಯಿಗಳು, ಹೊರನಾಡಿನಲ್ಲಿ ಬೆಳೆಯುತ್ತಿರುವ ಮಗನೋ ಮಗಳೋ ಬಾಹ್ಯಾಕಾಶದ ಯೋಧನ ಕವಚವೊಂದನ್ನು ಕಟ್ಟುವೆನೆಂದು ಹೇಳಿದೊಡನೆ ಹುಬ್ಬು ಗಂಟಿಕ್ಕುವುದು ತುಸು ವಿಚಿತ್ರವಾಗಿಯೇ ತೋರುತ್ತದೆ. ಹುಬ್ಬು ಗಂಟಿಕ್ಕಬೇಕಾದ ಸಂಗತಿ ಇಲ್ಲವೆಂದಲ್ಲ, ಇದೆ. ಆದರೆ ಅದು ತಂದೆತಾಯಿಗಳು ನೋಡುತ್ತಿರುವ ಕಡೆಯಲ್ಲಿ ಇಲ್ಲ.

ವೈಜ್ಞಾನಿಕ ಕಥೆಗಳ ಪಾತ್ರದಂತೆ ಉಡುಪು ಧರಿಸುವ ಹವ್ಯಾಸಕ್ಕೆ ಈಗ ಎಂಟು ದಶಕಗಳಿಗೂ ಮೀರಿದ ವಯಸ್ಸು. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಪ್ರಥಮ ವಿಶ್ವ ವೈಜ್ಞಾನಿಕ ಕಥಾಸಮ್ಮೇಳನಕ್ಕೆ ಫಾರೆಸ್ಟ್ ಅಕರ್‌ಮನ್ ಮತ್ತು ಮಿರ್ಟಲ್ ಡಗ್ಲಾಸ್ ಎಂಬಿಬ್ಬರು ಭವಿಷ್ಯಕಾಲದ ಉಡುಪು ತೊಟ್ಟು ಹೋದರು. ಅದನ್ನು ಸಿದ್ಧಪಡಿಸಿದವಳು ಮಿರ್ಟಲ್. 1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಿತ್ರವು ಬಿಳಿಯ ಕವಚದ ಸೈನಿಕರನ್ನು ಜಗತ್ತಿಗೆಲ್ಲ ಪರಿಚಯಿಸಿತು. 1980ರ ದಶಕದಲ್ಲಿ ಜಪಾನಿನ ಪತ್ರಿಕೆಗಳು ಈ ಹವ್ಯಾಸಕ್ಕೆ ‘ಕಾಸ್‌ಪ್ಲೇ’ ಎಂಬ ಹೆಸರು ಕೊಟ್ಟುವು. 1997ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘501ನೆಯ ಲೀಜನ್’ ಎಂಬ ಸಂಘದ ಸದಸ್ಯರು ತಾವೇ ಸಿದ್ಧಪಡಿಸಿಕೊಂಡ ಕವಚ ತೊಟ್ಟು ಆಸ್ಪತ್ರೆಗಳ ಮಕ್ಕಳನ್ನು ಕಾಣಲು ಹೋಗುತ್ತಾರೆ, ಧರ್ಮಕಾರ್ಯಗಳಿಗೆ ಹಣ ಕೂಡಿಸುತ್ತಾರೆ. ಭಾರತದಲ್ಲಿ 2011ರಲ್ಲಿ ದೆಹಲಿಯಲ್ಲಿ ಆರಂಭವಾದ ಕಾಮಿಕ್ ಕಾನ್ ಮೇಳವು ಮರುವರ್ಷವೇ ಬೆಂಗಳೂರಿಗೆ ಬಂದಿತು. ಅಂದಿನಿಂದ ಮೆಜೆಸ್ಟಿಕ್ಕಿನ ಜನಸಂದಣಿಯ ನಡುವೆಯೂ ಒಮ್ಮೊಮ್ಮೆ ಉಕ್ಕಿನ ಮನುಷ್ಯನೊಬ್ಬನು ಸಿಟಿ ಬಸ್ಸಿಗಾಗಿ ಕಾಯುವುದುಂಟು.

ಈ ಚಿತ್ರದ ಶಿರಸ್ತ್ರಾಣಗಳ ಕಥೆಯನ್ನು ಉಧ್ನಾದ ಕನ್ನಡಿಗರು ವಿಶೇಷವಾಗಿ ತಿಳಿಯುವುದು ಒಳಿತು. ಅವು ತಯಾರಾದುದು ಯಾವುದೋ ಭವ್ಯವಾದ ಚಿತ್ರನಗರಿಯಲ್ಲಿ ಅಲ್ಲ. ಲಂಡನ್ನಿನ ಸಮೀಪದ ಟ್ವಿಕನ್‌ಹ್ಯಾಮಿನಲ್ಲಿ ಆಂಡ್ರ್ಯೂ ಐನ್ಸ್‌ವರ್ತ್ ಎಂಬಾತನು ನಡೆಸುತ್ತಿದ್ದ ಸಣ್ಣ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ, ಬಿಸಿ ಮಾಡಿ ಮೆತ್ತಗಾಗಿಸಿದ ಹಾಳೆಯನ್ನು ಅಚ್ಚಿನ ಮೇಲೆ ಹೊದಿಸಿ, ಕೆಳಗಿನ ಗಾಳಿಯನ್ನು ಹೀರಿ ಆಕಾರ ಕೊಡುವ ಸಾಮಾನ್ಯ ವಿಧಾನದಿಂದ ಅವನ್ನು ತೆಗೆದರು. ಉಧ್ನಾ, ಪಾಂಡೇಸರಾ, ಸಚೀನ್‌ಗಳ ಶೆಡ್ಡುಗಳಲ್ಲಿ ದುಡಿಯುವವರಿಗೆ ಅರ್ಥವಾಗದ ವಿದ್ಯೆ ಇದರಲ್ಲಿ ಏನೂ ಇಲ್ಲ. ಹಲವು ವರ್ಷಗಳ ಬಳಿಕ ಆತನು ಅದೇ ಅಚ್ಚಿನ ನಕಲುಗಳನ್ನು ಮಾರತೊಡಗಿದಾಗ ಚಿತ್ರಸಂಸ್ಥೆಯು ದಾವೆ ಹೂಡಿತು. 2011ರ ಜುಲೈಯಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು, ಆ ಶಿರಸ್ತ್ರಾಣವು ಶಿಲ್ಪಕೃತಿಯಲ್ಲ, ಚಿತ್ರ ತಯಾರಿಕೆಗೆ ಬೇಕಾದ ಉಪಯೋಗದ ವಸ್ತು ಎಂದು ತೀರ್ಪಿತ್ತಿತು. ಶಿಲ್ಪವೋ ಸಾಮಗ್ರಿಯೋ ಎಂದು ಹಿರಿಯ ನ್ಯಾಯಾಧೀಶರು ಕುಳಿತು ಚರ್ಚಿಸಬೇಕಾದ ವಸ್ತುವನ್ನು ‘ಹುಡುಗಾಟ’ ಎಂದು ತಳ್ಳಿಹಾಕುವ ಅಧಿಕಾರ ಅಪ್ಪಂದಿರಿಗೆ ಎಲ್ಲಿಂದ ಬಂದಿತೋ ತಿಳಿಯದು.

ಹೊರನಾಡ ಕನ್ನಡ ಸಂಘಗಳ ಛದ್ಮವೇಷ ಸ್ಪರ್ಧೆಗಳ ಬಗೆಗೂ ಇಲ್ಲಿಯೇ ಒಂದು ಮಾತು. ರಾಜ್ಯೋತ್ಸವದ ವೇದಿಕೆಯ ಮೇಲೆ ವರ್ಷ ವರ್ಷವೂ ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ, ಸಂಗೊಳ್ಳಿ ರಾಯಣ್ಣ ಬರುತ್ತಾರೆ. ಬರಲಿ, ಬರಲೇಬೇಕು. ಆದರೆ ಚೆನ್ನಮ್ಮನ ಖಡ್ಗವೂ ರಾಯಣ್ಣನ ಪೇಟವೂ ಬಹುಮಟ್ಟಿಗೆ ಬಾಡಿಗೆ ಅಂಗಡಿಯಿಂದ ಬಂದವು. ಮಗುವಿನ ಪಾಲಿಗೆ ಉಳಿಯುವುದು ಬಾಯಿಪಾಠ ಮಾಡಿದ ನಾಲ್ಕು ವಾಕ್ಯ ಮಾತ್ರ. ಬಹುಮಾನವು ನ್ಯಾಯವಾಗಿ ಆ ಅಂಗಡಿಯವನಿಗೆ ಸಲ್ಲಬೇಕಾದುದು. ಓಬವ್ವನ ಒನಕೆಯನ್ನು ರಟ್ಟು ಸುತ್ತಿ, ಕಾಗದ ಮೆತ್ತಿ, ಬಣ್ಣ ಬಳಿದು ತಾನೇ ಮಾಡಿಕೊಂಡು ಬಂದ ಮಗುವಿಗೂ ಬಾಡಿಗೆಯ ಒನಕೆ ತಂದ ಮಗುವಿಗೂ ತೀರ್ಪುಗಾರರು ಭೇದವೆಣಿಸದಿರುವುದು ಅನ್ಯಾಯ. ಬಾಹ್ಯಾಕಾಶದ ಕವಚ ಕಟ್ಟುವ ಹುಡುಗನು ಪರದೇಶದ ಅನುಕರಣೆ ಮಾಡುತ್ತಿದ್ದಾನೆಂದು ದೂರುವವರು, ಅವನು ಅನುಕರಿಸುತ್ತಿರುವುದು ಕಥೆಯನ್ನಷ್ಟೇ, ಕೆಲಸವನ್ನು ತಾನೇ ಮಾಡುತ್ತಿದ್ದಾನೆ ಎಂಬುದನ್ನು ಮರೆಯಬಾರದು.

ಆ ಕೆಲಸವಾದರೂ ಎಂತಹದು? ಮೊದಲಿಗೆ ಅಳತೆ. ಹಳೆಯ ಅಂಗಿ ತೊಟ್ಟು, ಮೈಗೆ ತೆಳು ಪ್ಲಾಸ್ಟಿಕ್ ಹೊದಿಸಿ, ಮೇಲೆ ಅಂಟುಪಟ್ಟಿ ಸುತ್ತಿ, ಕವಚದ ರೇಖೆಗಳನ್ನು ಶಾಯಿಯಲ್ಲಿ ಬರೆದು, ಜಾಗರೂಕತೆಯಿಂದ ಕತ್ತರಿಸಿ ತೆಗೆದರೆ ದೇಹದ ನಕ್ಷೆ ಕೈಗೆ ಬರುತ್ತದೆ. ದುಂಡಾದ ಎದೆಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವ ಈ ಕೆಲಸದಲ್ಲಿ ಶಾಲೆಯ ರೇಖಾಗಣಿತವು ಮೊದಲ ಬಾರಿಗೆ ಉಪಯೋಗಕ್ಕೆ ಬರುತ್ತದೆ. ಆ ನಕ್ಷೆಯನ್ನು ಇ.ವಿ.ಎ. ಫೋಮ್ ಹಾಳೆಯ ಮೇಲೆ ಇಟ್ಟು ಕತ್ತರಿಸಬೇಕು. ಚಪ್ಪಲಿಯ ಅಟ್ಟೆಗೂ, ಮಕ್ಕಳು ಆಡಲು ನೆಲಕ್ಕೆ ಹಾಸುವ ಬಣ್ಣಬಣ್ಣದ ಚೌಕಗಳಿಗೂ ಬಳಸುವ ವಸ್ತು ಇದೇ. ಎದೆ ಬೆನ್ನುಗಳಿಗೆ 10 ಮಿಲಿಮೀಟರ್ ದಪ್ಪ, ತೋಳು ಮೊಣಕಾಲುಗಳಿಗೆ 5 ಅಥವಾ 6, ಮೇಲಿನ ಅಲಂಕಾರಕ್ಕೆ 2 ಎಂಬುದು ರೂಢಿ. ಅಂಚನ್ನು ಓರೆಯಾಗಿ ಕತ್ತರಿಸಿದರೆ ಎರಡು ತುಂಡು ಸೇರುವಲ್ಲಿ ಕೋನವು ತಾನಾಗಿಯೇ ಮೂಡುತ್ತದೆ. ಬಿಸಿಗಾಳಿಯ ಗನ್ನಿನಿಂದ ಕಾಯಿಸಿ ಮಂಡಿಯ ಮೇಲೆ ಬಾಗಿಸಿ ಹಿಡಿದರೆ, ತಣಿದ ಮೇಲೂ ಆ ಬಾಗು ನಿಲ್ಲುತ್ತದೆ. ಅಂಟು ಹಾಕಿ, ನೀರು ಬೆರೆಸಿದ ಬಿಳಿಯ ಫೆವಿಕಾಲನ್ನು ಹಲವು ಪದರ ಬಳಿದು ರಂಧ್ರ ಮುಚ್ಚಿ, ಕಪ್ಪು ಬಣ್ಣದ ಮೇಲೆ ಒಣ ಕುಂಚದಿಂದ ಬೆಳ್ಳಿಬಣ್ಣವನ್ನು ಅಂಚುಗಳಿಗಷ್ಟೇ ಸವರಿದರೆ, ಫೋಮ್ ಯುದ್ಧದಲ್ಲಿ ಸವೆದ ಲೋಹವಾಗುತ್ತದೆ. ದೇಶದ ಜರಿ ಉದ್ಯಮದ ಕೇಂದ್ರವಾದ ಸೂರತ್ತಿನಲ್ಲಿ ಹೊಳಪು ಪಟ್ಟಿಗೂ ಇಲಾಸ್ಟಿಕ್ಕಿಗೂ ಕೊರತೆಯಿಲ್ಲ. ಇಲ್ಲಿಯವರು ಭಂಗಾರ್ ಎನ್ನುವ ಗುಜರಿ ಅಂಗಡಿಗಳಲ್ಲಿ ಹಳೆಯ ಯಂತ್ರಗಳ ಗುಂಡಿ, ತಂತಿ, ತಿರುಪುಗಳು ಬೇಕಾದಷ್ಟಿವೆ. ಖರೀದಿಗೆ ಮುನ್ನ ಜಮಾಖರ್ಚಿನ ಒಂದು ಪುಸ್ತಕವನ್ನು ಇಡುವುದು ಉತ್ತಮ. ಒಂದೊಂದು ಹಾಳೆಯನ್ನೂ ಲೆಕ್ಕಕ್ಕೆ ತಂದ ಹುಡುಗನು ಎರಡನೆಯ ಸಲ ಕತ್ತರಿಸುವ ಮುನ್ನ ಎರಡು ಬಾರಿ ಅಳೆಯುತ್ತಾನೆ.

ಕವಚಕ್ಕೆ ಹೊಂದುವ ಆಯುಧದ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಚಿತ್ರದ ಸೈನಿಕರ ಕೈಯಲ್ಲಿದ್ದುದು ಬ್ರಿಟಿಷ್ ಸೇನೆಯ ಸ್ಟರ್ಲಿಂಗ್ ಬಂದೂಕಿನ ರೂಪಾಂತರ. ನಾಯಕನ ಬೆಳಕಿನ ಖಡ್ಗದ ಹಿಡಿಯಾದುದು ಹಳೆಯ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲಾಷ್ ದೀಪದ ಕೊಳವೆ. ಖಡ್ಗದ ಮಾದರಿ ಅನುಕರಣೀಯ, ಬಂದೂಕಿನ ಮಾದರಿ ಅಲ್ಲ. ನೀರಿನ ಪಿ.ವಿ.ಸಿ. ಕೊಳವೆಯ ಮೇಲೆ ಫೋಮ್ ಸುತ್ತಿ ಮಾಡಿದ ಆಯುಧವು ನೋಡಿದೊಡನೆ ಕಲ್ಪಿತ ಲೋಕದ್ದೆಂದು ತಿಳಿಯುವಂತಿರಬೇಕು. ಮೂತಿಗೆ ಎದ್ದು ಕಾಣುವ ಕಿತ್ತಳೆ ಬಣ್ಣವಿರಬೇಕು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 2014ರ ನವೆಂಬರಿನಲ್ಲಿ 12 ವರ್ಷದ ಬಾಲಕನೊಬ್ಬನು ಕಿತ್ತಳೆ ತುದಿ ಇಲ್ಲದ ಆಟಿಕೆ ಪಿಸ್ತೂಲು ಹಿಡಿದು ಉದ್ಯಾನದಲ್ಲಿದ್ದಾಗ ಪೋಲೀಸರ ಗುಂಡಿಗೆ ಬಲಿಯಾದನು. ಕೆನಡಾದ ಲೆತ್‌ಬ್ರಿಜ್‌ನಲ್ಲಿ 2020ರ ಮೇ 4ರಂದು ಉಪಾಹಾರಗೃಹದ ಪ್ರಚಾರಕ್ಕಾಗಿ ಇದೇ ಬಿಳಿ ಕವಚ ತೊಟ್ಟು ಪ್ಲಾಸ್ಟಿಕ್ ಆಯುಧ ಹಿಡಿದು ನಿಂತಿದ್ದ ಯುವತಿಯನ್ನು ಪೋಲೀಸರು ನೆಲಕ್ಕೆ ಮಲಗಿಸಿದರು. ಅವಳ ಮೂಗಿನಿಂದ ರಕ್ತ ಬಂದಿತು. ಸಾರ್ವಜನಿಕ ಸ್ಥಳದಲ್ಲಿ, ವಿಶೇಷವಾಗಿ ಉಧ್ನಾ ಜಂಕ್ಷನ್ನಿನಂತಹ ರೈಲು ನಿಲ್ದಾಣದಲ್ಲಿ, ಇಂತಹ ಆಯುಧವನ್ನು ಬಿಚ್ಚಿ ಚೀಲದಲ್ಲಿಟ್ಟು ಒಯ್ಯುವುದೇ ವಿವೇಕ. ವಿಮಾನದ ಕೈಚೀಲದಲ್ಲಂತೂ ಆಟಿಕೆಯ ಆಯುಧಕ್ಕೂ ಪ್ರವೇಶವಿಲ್ಲ.

ಇನ್ನು ಹುಬ್ಬು ಗಂಟಿಕ್ಕಬೇಕಾದ ವಿಷಯ. ಫೋಮ್ ತುಂಡುಗಳನ್ನು ಜೋಡಿಸುವುದು ಚಪ್ಪಲಿ ಹೊಲಿಯುವವರು ಬಳಸುವ ಹಳದಿ ರಬ್ಬರ್ ಅಂಟಿನಿಂದ. ಎರಡೂ ಅಂಚುಗಳಿಗೆ ಬಳಿದು, ಹತ್ತು ನಿಮಿಷ ಆರಲು ಬಿಟ್ಟು, ಬಳಿಕ ಒತ್ತಿದರೆ ಅದು ಬಿಡಿಸಲಾರದಂತೆ ಕೂಡುತ್ತದೆ. ಆರುವುದು ಎಂದರೇನು? ಅಂಟಿನೊಳಗಿದ್ದ ದ್ರಾವಕವೆಲ್ಲ ಕೋಣೆಯ ಗಾಳಿಗೆ ಸೇರುವುದು ಎಂದೇ ಅರ್ಥ. ಇಂತಹ ಅಂಟುಗಳಲ್ಲಿ ಸಾಮಾನ್ಯವಾಗಿ ಟೊಲುಯೀನ್, ಕೆಲವುಗಳಲ್ಲಿ ಹೆಕ್ಸೇನ್ ಇರುತ್ತದೆ. ಟೊಲುಯೀನ್ ಆವಿಯು ತಲೆನೋವು, ತಲೆಸುತ್ತು, ಓಕರಿಕೆಗಳಿಂದ ಆರಂಭಿಸಿ, ಬಹುಕಾಲ ಸೇವಿಸಿದಲ್ಲಿ ಮಿದುಳಿಗೇ ಹಾನಿಮಾಡುತ್ತದೆ. ಹೆಕ್ಸೇನ್ ಇನ್ನೂ ಮೌನಿಯಾದ ಶತ್ರು. ಅದು ದೇಹದೊಳಗೆ ಬೇರೊಂದು ರಾಸಾಯನಿಕವಾಗಿ ಮಾರ್ಪಟ್ಟು ಉದ್ದವಾದ ನರಗಳನ್ನು ಮೊದಲು ಹಿಡಿಯುತ್ತದೆ. ಆದುದರಿಂದ ಕಾಲ್ಬೆರಳು, ಕೈಬೆರಳುಗಳು ಮೊದಲು ಜೋಮುಗಟ್ಟುತ್ತವೆ, ಮುಂದೆ ನಡಿಗೆಯೇ ತಪ್ಪುತ್ತದೆ. 1960ರ ದಶಕದಲ್ಲಿ ಜಪಾನಿನಲ್ಲಿ ಮನೆಯಲ್ಲೇ ಕುಳಿತು ಚಪ್ಪಲಿ ಅಂಟಿಸುತ್ತಿದ್ದ ಕುಟುಂಬಗಳಲ್ಲಿ ಈ ರೋಗವು ಗುಂಪುಗುಂಪಾಗಿ ಕಾಣಿಸಿಕೊಂಡಿತು. ಅವರು ಕಾರ್ಖಾನೆಗೆ ಹೋದವರಲ್ಲ. ಊಟ ಮಾಡುವ, ಮಲಗುವ ಕೋಣೆಯಲ್ಲಿಯೇ ಆ ಆವಿಯನ್ನು ಉಸಿರಾಡಿದವರು.

ಉಧ್ನಾದ ಎಷ್ಟೋ ಮನೆಗಳಲ್ಲಿ ಒಂದೇ ಕೋಣೆ ಮತ್ತು ಅಡುಗೆಮನೆ. ಓದುವ ಮೇಜು, ಊಟದ ಜಾಗ, ಹಾಸಿಗೆ ಎಲ್ಲವೂ ಅದೇ ನೆಲ. ಟೊಲುಯೀನ್ ಆವಿಯು ಗಾಳಿಗಿಂತ ಸುಮಾರು ಮೂರು ಪಟ್ಟು ಭಾರವಾದುದರಿಂದ ನೆಲದ ಬಳಿಯೇ ತಂಗುತ್ತದೆ. ಅಣ್ಣನು ಕುರ್ಚಿಯ ಮೇಲೆ ಕುಳಿತು ಅಂಟಿಸುತ್ತಿರುವಾಗ ಚಾಪೆಯ ಮೇಲೆ ಮಲಗಿದ ತಂಗಿಗೆ ಅದರ ಪಾಲು ಹೆಚ್ಚು. ಅದು ಉರಿ ಹೊತ್ತಿಕೊಳ್ಳಲು ಬೇಕಾದ ಉಷ್ಣತೆ 4 ಡಿಗ್ರಿ ಸೆಲ್ಸಿಯಸ್ಸಿನಷ್ಟೇ ಆದುದರಿಂದ ಸೂರತ್ತಿನ ಚಳಿಗಾಲವೂ ಅದಕ್ಕೆ ಬೇಸಿಗೆಯೇ. ಒಲೆಯ ಕಿಡಿ, ಊದುಬತ್ತಿ, ದೇವರ ಮುಂದಿನ ದೀಪ, ಕೊನೆಗೆ ವಿದ್ಯುತ್ ಸ್ವಿಚ್ಚು ಸಹ ಸಾಕು. 2019ರ ಮೇ 24ರಂದು ಸೂರತ್ತಿನ ಸರ್ಥಾಣಾದ ತಕ್ಷಶಿಲಾ ಆರ್ಕೇಡಿನಲ್ಲಿ ಬೆಂಕಿ ಬಿದ್ದಾಗ ಮೇಲಂತಸ್ತಿನಲ್ಲಿ ಸಿಕ್ಕಿಬಿದ್ದು 22 ಮಂದಿ ತೀರಿಕೊಂಡರು. ಬಹುಪಾಲು ಪಾಠಕ್ಕೆಂದು ಬಂದಿದ್ದ ಎಳೆಯರು. ಈ ಊರಿನಲ್ಲಿ ವಾಸಿಸುವ ಯಾವ ತಂದೆಯೂ ಫೋಮ್ ಹಾಳೆಯ ರಾಶಿಯನ್ನೂ ಅಂಟಿನ ಡಬ್ಬಿಯನ್ನೂ ಮೆಟ್ಟಿಲ ಬಳಿ ಇಡಲು ಬಿಡಬಾರದು. ಅಂಟಿನ ಕೆಲಸವೆಲ್ಲ ತೆರೆದ ಮಾಳಿಗೆಯ ಮೇಲೆ, ಹಗಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಆಗಬೇಕು. ಅಂಟು ಪೂರ್ತಿ ಆರಿ ವಾಸನೆ ಹೋದ ಮೇಲಷ್ಟೇ ಬಿಸಿಗಾಳಿಯ ಗನ್ನು ಹೊರಗೆ ಬರಬೇಕು.

ಮುಖಗವುಸಿನ ವಿಷಯದಲ್ಲಿ ಒಂದು ಭ್ರಮೆ ಇದೆ. ಕೊರೋನಾ ಕಾಲದಿಂದ ಮನೆಮನೆಯಲ್ಲಿ ಉಳಿದ ಎನ್-95 ಗವುಸು ಎಲ್ಲವನ್ನೂ ತಡೆಯುತ್ತದೆಂದು ಜನ ತಿಳಿದಿದ್ದಾರೆ. ಫೋಮನ್ನು ಉಪ್ಪುಕಾಗದದಿಂದ ಉಜ್ಜುವಾಗ ಏಳುವ ಧೂಳಿಗೆ ಅದು ಸಾಕು. ದ್ರಾವಕದ ಆವಿಗೆ ಅದು ಏನೂ ಅಲ್ಲ. ಆವಿಯನ್ನು ಹಿಡಿಯಲು ಇದ್ದಿಲು ತುಂಬಿದ ಡಬ್ಬಿಯುಳ್ಳ ಗವುಸೇ ಬೇಕು. ಥರ್ಮೋಕೋಲನ್ನು ಕಾದ ತಂತಿಯಿಂದ ಕತ್ತರಿಸಿದರೆ ಸ್ಟೈರೀನ್ ಹೊಗೆ ಬರುತ್ತದೆ. ಫ್ಲೆಕ್ಸ್ ಬ್ಯಾನರು, ಸನ್‌ಬೋರ್ಡುಗಳು ಪಿ.ವಿ.ಸಿ.ಯಿಂದಾದವು, ಅವನ್ನು ಸುಡುವಷ್ಟು ಕಾಯಿಸಿದರೆ ಶ್ವಾಸನಾಳವನ್ನು ಕೊರೆಯುವ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ತಟ್ಟನೆ ಅಂಟಿಸುವ ಸಣ್ಣ ಕೊಳವೆಯ ಅಂಟು ಹತ್ತಿಯ ಬಟ್ಟೆಗೆ ಸೋಕಿದರೆ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಇವಾವುದನ್ನೂ ಹುಡುಗರು ತಾವಾಗಿ ಊಹಿಸಲಾರರು. ಬೆರಳು ಕೊಯ್ದುಕೊಂಡರೆ ರಕ್ತ ಕಾಣುತ್ತದೆ, ತಾಯಿ ಓಡಿಬರುತ್ತಾಳೆ, ಆವಿ ಕಾಣುವುದಿಲ್ಲ.

ಹಿಂದಿನವರ ಪದ್ಧತಿ ನಿರಪಾಯಕರವಾಗಿತ್ತೆಂದೂ ಭಾವಿಸಬೇಕಾಗಿಲ್ಲ. ಯಕ್ಷಗಾನದ ಬಣ್ಣಗಾರಿಕೆಯಲ್ಲಿ ಬಳಸುತ್ತಿದ್ದ ಅರದಾಳವು ಪಾಷಾಣದ ಸಂಯುಕ್ತ, ಇಂಗಳೀಕವು ಪಾದರಸದ ಸಂಯುಕ್ತ. ಅವನ್ನು ಮುಖಕ್ಕೆ ಬಳಿದುಕೊಂಡು ಕಲಾವಿದರು ವರ್ಷಾನುಗಟ್ಟಲೆ ಕುಣಿದರು. ಆದರೆ ಅವರಲ್ಲಿದ್ದ ಒಂದು ವಿವೇಕವನ್ನು ಇಂದಿನ ಕವಚಧಾರಿಗಳು ಕಲಿಯಬೇಕು. ಯಕ್ಷಗಾನದ ವೇಷವನ್ನು ಒಬ್ಬನೇ ಕಟ್ಟಿಕೊಳ್ಳುವುದಿಲ್ಲ; ಚೌಕಿಯಲ್ಲಿ ಸಹಾಯಕರಿರುತ್ತಾರೆ. ಪ್ರಸಂಗದ ನಡುವೆ ವೇಷಧಾರಿಯು ಚೌಕಿಗೆ ಮರಳಿ ಕುಳಿತು ನೀರು ಕುಡಿಯುತ್ತಾನೆ.

ಈ ವಿರಾಮ ಕವಚಕ್ಕೆ ಇನ್ನೂ ಅವಶ್ಯಕ. ಮನುಷ್ಯದೇಹವು ತಣಿಯುವುದು ಬೆವರು ಆವಿಯಾಗುವುದರಿಂದ. ಫೋಮ್ ಬೆವರನ್ನು ಹೊರಗೂ ಬಿಡದು, ಬಿಸಿಯನ್ನೂ ಬಿಡದು. ಸಮುದ್ರದ ಸಮೀಪದ ಸೂರತ್ತಿನ ಒದ್ದೆಗಾಳಿಯಲ್ಲಿ ಬರಿಮೈಯ ಬೆವರೇ ಸುಲಭವಾಗಿ ಆರದು. ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಉಷ್ಣತೆ 46.8 ಡಿಗ್ರಿಗೆ ಏರಿದಾಗ, ವಾಡಿಕೆಗಿಂತ 1,344 ಹೆಚ್ಚು ಮರಣಗಳು ಆ ಒಂದೇ ತಿಂಗಳಲ್ಲಿ ಸಂಭವಿಸಿದುವೆಂದು ಆಮೇಲಿನ ಅಧ್ಯಯನ ಲೆಕ್ಕ ಹಾಕಿತು. ಅದರ ಫಲವಾಗಿಯೇ 2013ರಲ್ಲಿ ಆ ನಗರವು ಶಾಖದ ದಿನಗಳಿಗಾಗಿ ಪ್ರತ್ಯೇಕ ಯೋಜನೆಯನ್ನು ರೂಪಿಸಿತು. ಅಂತಹ ರಾಜ್ಯದಲ್ಲಿ ಏಪ್ರಿಲ್-ಮೇ ತಿಂಗಳ ರಜೆಯಲ್ಲಿ ಮಕ್ಕಳಿಗೆ ಪೂರ್ಣ ಕವಚ ತೊಡಿಸಿ ಮೆರವಣಿಗೆ ಮಾಡಿಸುವುದು ಉತ್ಸಾಹವಲ್ಲ, ಅವಿವೇಕ. ಇಪ್ಪತ್ತು ನಿಮಿಷಕ್ಕೊಮ್ಮೆ ಶಿರಸ್ತ್ರಾಣ ತೆಗೆಯಬೇಕು. ಅದರೊಳಗೆ ಹಳೆಯ ಕಂಪ್ಯೂಟರಿನ ಪುಟ್ಟ ಫ್ಯಾನು ಕೂರಿಸಿದರೆ ಮಂಜು ಕಟ್ಟುವುದೂ ತಪ್ಪುತ್ತದೆ. ಶಿರಸ್ತ್ರಾಣ ತೊಟ್ಟವನಿಗೆ ಪಕ್ಕದ ನೋಟ ಇರುವುದಿಲ್ಲವಾದ್ದರಿಂದ ಮೆಟ್ಟಿಲು ಇಳಿಯುವಾಗ ಕೈಹಿಡಿಯುವವರು ಬೇಕು. ಕವಚವು ಎಳೆದೊಡನೆ ಕಳಚಿಬರುವಂತೆ ಇಲಾಸ್ಟಿಕ್ಕು, ಒತ್ತುಗುಂಡಿಗಳಿಂದ ಕಟ್ಟಿರಬೇಕು. ಆಸ್ತಮಾ ಇರುವ ಮಗು ಅಂಟಿನ ಕೆಲಸದ ಹತ್ತಿರವೂ ಸುಳಿಯಬಾರದು. ನಕ್ಷೆಯನ್ನೂ ಬಣ್ಣವನ್ನೂ ಅದಕ್ಕೆ ವಹಿಸಬಹುದು.

ತಂದೆತಾಯಿಗಳು ಈ ಹವ್ಯಾಸವನ್ನು ನಿಷೇಧಿಸಿದರೆ ಆಗುವುದೇನು? ಹುಡುಗನು ಬಿಡುವುದಿಲ್ಲ. ಎಲ್ಲರೂ ಮಲಗಿದ ಮೇಲೆ, ವಾಸನೆ ಹೊರಗೆ ಹೋಗದಂತೆ ಕಿಟಕಿ ಮುಚ್ಚಿಕೊಂಡು ಅಂಟಿಸುತ್ತಾನೆ. ಅತ್ಯಂತ ಅಪಾಯಕರವಾದ ರೀತಿ ಅದೇ. ಮಗನು ಕಿಟಕಿ ತೆರೆದು ಕೆಲಸ ಮಾಡಬೇಕಾದರೆ ಮನೆಯವರ ಒಪ್ಪಿಗೆ ಮೊದಲು ಬೇಕು. ಈ ಕಾರಣದಿಂದಲೇ ಕನ್ನಡ ಸಂಘಗಳು ಇದರಲ್ಲಿ ಕೈಹಾಕುವುದು ಅಪೇಕ್ಷಣೀಯ. ಸಂಘದ ಸದಸ್ಯರಲ್ಲಿ ಕಾರ್ಖಾನೆಯ ಸುರಕ್ಷಾ ನಿಯಮ ಬಲ್ಲ ಫೋರ್‌ಮನ್ನರಿದ್ದಾರೆ, ಹೊಲಿಗೆ ಬಲ್ಲ ತಾಯಂದಿರಿದ್ದಾರೆ, ಊರಿನಲ್ಲಿ ವೇಷ ಕಟ್ಟಿದ ಹಿರಿಯರೂ ಒಬ್ಬಿಬ್ಬರಾದರೂ ಇರುತ್ತಾರೆ. ತಿಂಗಳಿಗೆ ಎರಡು ಭಾನುವಾರ ಯಾರದಾದರೂ ತೆರೆದ ಮಾಳಿಗೆ, ಒಂದು ಮರಳಿನ ಬಕೆಟ್ಟು, ನಾಲ್ಕು ಒಳ್ಳೆಯ ಗವುಸು, ಒಬ್ಬ ಹಿರಿಯರ ಕಣ್ಣು: ಇದಕ್ಕಿಂತ ಹೆಚ್ಚಿನ ಬಂಡವಾಳ ಬೇಕಿಲ್ಲ. ಗವುಸುಗಳ ವೆಚ್ಚವನ್ನು ಸಂಘವೇ ಭರಿಸಬೇಕು. ಹಾರತುರಾಯಿಗಳ ಬಾಬ್ತಿನಲ್ಲಿ ಒಂದಂಶ ಕಡಿತವಾದರೆ ಅತಿಥಿಗಳೇನೂ ಮುನಿಯಲಾರರು.

ಸ್ಪರ್ಧೆಯ ನಿಯಮವನ್ನೂ ತಿದ್ದಬೇಕಾಗಿದೆ. ವೇಷವನ್ನು ತೊಟ್ಟುದಕ್ಕೆ ಅರ್ಧ ಅಂಕ, ಕಟ್ಟಿದುದಕ್ಕೆ ಅರ್ಧ ಅಂಕ ಎಂದಿರಲಿ. ನಕ್ಷೆ, ಜಮಾಖರ್ಚಿನ ಪುಸ್ತಕ, ಅಂಟು ಹಾಕಿದ ಸ್ಥಳದ ವಿವರ ಇವನ್ನು ತೀರ್ಪುಗಾರರು ಕೇಳಿ ನೋಡಲಿ. ಓಬವ್ವನ ಒನಕೆಯೂ ಬಾಹ್ಯಾಕಾಶದ ಖಡ್ಗವೂ ಒಂದೇ ಸಾಲಿನಲ್ಲಿ ನಿಲ್ಲಲಿ. ನವೆಂಬರ್ 1ರಿಂದ ಉತ್ತರಾಯಣದ ಗಾಳಿಪಟದವರೆಗಿನ ದಿನಗಳು ಇಲ್ಲಿ ತಂಪಾದುವು. ಮಾಳಿಗೆಯ ಕೆಲಸಕ್ಕೂ ಕವಚ ತೊಡುವುದಕ್ಕೂ ಆ ಕಾಲವೇ ಅನುಕೂಲ. ಮೊದಲ ವರ್ಷ ಒಂದೇ ಕವಚ ಬಂದರೂ ಸ್ಪರ್ಧೆಯನ್ನು ರದ್ದುಪಡಿಸಬಾರದು.